ಅಳಿಸಿದ ನಲವತ್ತಮೂರು ಮಾತು

ಶೋಭಿತಾಳಿಗೆ ನಾನು ಫೋನಿನಲ್ಲಿ ಮಾತಾಡಿ ಕಳಿಸಿದ್ದು ನಲವತ್ತಮೂರು ಮಾತು. ಆ ನಲವತ್ತಮೂರನ್ನೂ ನನ್ನ ಕೈಯಾರೆ ನಾನೇ ಅಳಿಸಿದ್ದೆ. ಹಾಗೆ ಅಳಿಸಬಾರದಿತ್ತು ಎಂದು ತಿಳಿದದ್ದು ಈ ಬೇಸಿಗೆಯಲ್ಲಿ, ಅವಳ ಓದಿಗೇ ಕುತ್ತು ಬಂದು ನಿಂತಾಗ.

ನಮ್ಮೂರು ಮಳವಳ್ಳಿ ಕಡೆಯ ಬೆಳಕವಾಡಿಗೆ ಎರಡು ಮೈಲಿ ಈಚೆ. ಊರ ಕೆರೆಗೆ ನಮ್ಮ ಮನೆಯವರೇ ನೀರುಗಂಟಿಗಳು. ನಮ್ಮ ತಾತ, ನಮ್ಮಪ್ಪ, ಆಮೇಲೆ ನಾನು, ಕೆಂಪಸಿದ್ದಯ್ಯ. ತೂಬು ಯಾವತ್ತು ಎತ್ತಬೇಕು, ಯಾವತ್ತು ಇಳಿಸಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಎಲ್ಲ ನೀರುಗಂಟಿ ಹೇಳಿದಂತೆ ನಡೆಯುತ್ತಿತ್ತು. ಕೆರೆಯ ಕೆಳಗೆ ನೂರ ಹದಿನೆಂಟು ಗದ್ದೆ. ನಾನು ಸ್ಕೂಲಿಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಬರೆದಿಟ್ಟುಕೊಳ್ಳುವ ಅಭ್ಯಾಸ ಹತ್ತಲಿಲ್ಲ. ನೂರ ಹದಿನೆಂಟೂ ತಲೆಯೊಳಗೇ ಇರಬೇಕಾಗಿತ್ತು, ಇದ್ದವು.

ಸರದಿ ನಡೆಯುವ ದಿನಗಳಲ್ಲಿ ತೂಬಿನ ಪಕ್ಕದ ಚಪ್ಪಡಿಯ ಮೇಲೆ ಗದ್ದೆಗೊಂದರಂತೆ ಬೆಣಚುಕಲ್ಲು ಇಡುತ್ತಿದ್ದೆವು. ನೀರು ಹರಿದ ಮೇಲೆ ಗದ್ದೆಯವನು ಬಂದು ‘ಆಯ್ತು’ ಅನ್ನಬೇಕು. ಅಂದ ಕೂಡಲೇ ಅವನ ಕಣ್ಣೆದುರಿಗೇ ಅವನ ಕಲ್ಲನ್ನು ತೆಗೆದು ಕೆರೆಗೆ ಎಸೆಯಬೇಕು. ಮುಗಿದ ಕಲ್ಲು ಚಪ್ಪಡಿಯ ಮೇಲೆ ಉಳಿದರೆ, ಮಾರನೆಯ ದಿನ ಅದೇ ಮನುಷ್ಯ ಬಂದು ‘ನಂದಿನ್ನೂ ಅದಲ್ಲಪ್ಪ’ ಅನ್ನುತ್ತಾನೆ. ನಮ್ಮಪ್ಪ ನನಗೆ ಮೊದಲು ಕಲಿಸಿದ ಕೆಲಸವೇ ಅದು.

ಶೋಭಿತಾ ಮದ್ದೂರಿನ ಹುಡುಗಿ. ಮಂಡ್ಯದ ಕಾಲೇಜೊಂದರಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಹಳಬರು ಕೆರೆ ನೀರನ್ನು ಹೇಗೆ ಹಂಚಿಕೊಳ್ಳುತ್ತಿದ್ದರು ಎನ್ನುವುದು ಅವಳ ವಿಷಯ. ಎರಡು ಸಲ ಊರಿಗೆ ಬಂದು ನನ್ನ ಜೊತೆ ಏರಿಯ ಮೇಲೆ ನಡೆದಳು, ತೂಬು ನೋಡಿದಳು, ನನ್ನ ಹೆಂಡತಿ ಬೆಳ್ಳಮ್ಮನ ಕೈಯ ಮುದ್ದೆ ಉಂಡಳು. ಮೂರನೆಯ ಸಲ ಬರುವ ಹೊತ್ತಿಗೆ ಬಸುರಿಯಾಗಿದ್ದಳು. ಡಾಕ್ಟರು ಬಸ್ಸು ಹತ್ತಬೇಡ ಅಂದರಂತೆ. ಫೋನು ಮಾಡಿದಳು.

“ತಾತ, ನೀವು ಅಲ್ಲಿಂದಲೇ ಮಾತಾಡಿ ಕಳಿಸ್ತೀರಾ? ನಾನು ಕೇಳಿಸ್ಕೊಂಡು ಬರಕೊಳ್ತೀನಿ.”

“ಕಳುಸ್ತೀನಿ ಕಣವ್ವ. ನೀನು ಕಾಲು ಚಾಚ್ಕಂಡು ಕೂತ್ಕ” ಅಂದೆ.

ಬೆಳಕವಾಡಿಯ ಮೊಬೈಲ್ ಅಂಗಡಿಗೆ ಹೋಗಿ ವಾಟ್ಸಾಪು ಹಾಕಿಸಿಕೊಂಡೆ. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡುವುದನ್ನೂ, ಬೇಡವಾದದ್ದನ್ನು ಅಳಿಸುವುದನ್ನೂ ಅಲ್ಲೇ ಕಲಿತೆ. ಹೋದ ವರ್ಷ ಆಗಸ್ಟಿನ ಮಘೆ ಮಳೆಯಲ್ಲಿ ಶುರುಮಾಡಿದ್ದು. ಒಂದು ಸಲಕ್ಕೆ ಒಂದೇ ವಿಷಯ. ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖು, ಮಳೆಯ ಹೆಸರು, ಆಮೇಲೆ ಹೇಳಬೇಕಾದ ಸಂಗತಿ. ಸಾಯಂಕಾಲದೊಳಗೆ ಅವಳಿಂದ ‘ಬರಕೊಂಡೆ ತಾತ’ ಎಂದು ಬರುತ್ತಿತ್ತು. ಬಂದ ತಕ್ಷಣ ನಾನು ಕಳಿಸಿದ್ದರ ಮೇಲೆ ಬೆರಳಿಟ್ಟು ಅಳಿಸುತ್ತಿದ್ದೆ. ನಿನಗೊಬ್ಬನಿಗೋ, ಎಲ್ಲರಿಗೂನೋ ಎಂದು ಫೋನು ಕೇಳುತ್ತಿತ್ತು. ಅಕ್ಷರ ಕೂಡಿಸಿ ಓದಿ, ಎಲ್ಲರಿಗೂ ಎನ್ನುವುದನ್ನೇ ಒತ್ತುತ್ತಿದ್ದೆ. ‘ಆಯ್ತು’ ಅಂದ ಮೇಲೆ ಕಲ್ಲು ಇರಬಾರದು. ನನ್ನ ಕಡೆ ತೆಗೆದು ಅವಳ ಕಡೆ ಬಿಡುವುದು ನ್ಯಾಯವೂ ಅಲ್ಲ.

ಧನುರ್ಮಾಸಕ್ಕೆ ನಲವತ್ತಮೂರೂ ಮುಗಿದವು. ಸಂಕ್ರಾಂತಿ ಕಳೆದು ಅವಳಿಗೆ ಹೆಣ್ಣುಮಗು ಆಯಿತು. ಬೆಳ್ಳಮ್ಮ ಮದ್ದೂರಿಗೆ ಹೋಗಿ ನೋಡಿಕೊಂಡೂ ಬಂದಳು.

ಮೇ ತಿಂಗಳ ಮೊದಲ ವಾರ ಶೋಭಿತಾ ಮತ್ತೆ ಫೋನು ಮಾಡಿದಳು. ದನಿ ಎಂದಿನಂತಿರಲಿಲ್ಲ.

“ತಾತ, ನೀವು ಕಳಿಸಿದ್ದನ್ನೆಲ್ಲ ನೀವೇ ಅಳಿಸಿದ್ರಾ?”

“ಊಂ ಕಣವ್ವ. ನೀನು ಬರಕಂಡೆ ಅಂದ್ಮೇಲೆ ಅಳುಸ್ದೆ. ಯಾಕೆ?”

ಅವಳು ಬೈಯಲಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದಳು.

“ಪುಸ್ತಕದಿಂದ ಏನಾದ್ರೂ ತಗೊಂಡ್ರೆ ಆ ಪುಸ್ತಕದ ಹೆಸರು ಬರೀತೀವಿ ತಾತ. ಯಾರಾದ್ರೂ ಮೇಲ್ ಮಾಡಿ ತಿಳಿಸಿದ್ರೆ, ಹಿಂಗೆ ಫೋನಲ್ಲಿ ಕಳಿಸಿದ್ರೆ, ಕಳಿಸಿದವರ ಹೆಸರು, ವೈಯಕ್ತಿಕ ಸಂದೇಶ ಅಂತ ಒಂದು ಮಾತು, ಕಳಿಸಿದ ತಾರೀಖು, ಇಷ್ಟು ಅಲ್ಲಲ್ಲೇ ಹಾಕ್ಬೇಕು. ಹಾಕಿದೀನಿ. ಆದ್ರೆ ಯಾರಾದ್ರೂ ಕೇಳಿದ್ರೆ ಮೂಲ ತೋರಿಸ್ಬೇಕು. ಮೊನ್ನೆ ಕಮಿಟಿಯಲ್ಲಿ ಕೇಳಿದ್ರು. ಫೋನ್ ತೆಗೆದ್ರೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ನಲವತ್ತಮೂರು ಸಲ ಇದೆ. ಒಂದೆರಡು ಅಳಿಸಿದ್ದು ಆವಾಗಲೇ ಕಂಡಿತ್ತು. ತಪ್ಪಿ ಕಳಿಸಿದ್ದೇನೋ ಅಂದ್ಕೊಂಡು ಸುಮ್ಮನಾದೆ. ನನ್ನದೂ ತಪ್ಪೇ.”

“ನೀನು ಬರಕಂಡಿದ್ದು ಅದಲ್ಲ?”

“ಅದು ನನ್ನ ಕೈಬರಹ ತಾತ. ನೀವೇ ಹೇಳಿದ್ದು ಅನ್ನೋದಕ್ಕೆ ಏನು ಸಾಕ್ಷಿ ಅಂತಾರೆ. ಮೂರನೇ ಅಧ್ಯಾಯ ಪೂರ್ತಿ ನೀವು ಹೇಳಿದ ಮೇಲೇ ನಿಂತಿರೋದು. ಅದನ್ನ ತೆಗೀಬೇಕಂತೆ. ತೆಗೆದ್ರೆ ಉಳಿಯೋದು ಏನೂ ಇಲ್ಲ. ನನಗೆ ಕೊಟ್ಟಿರೋ ಅವಧಿನೂ ಈ ವರ್ಷಕ್ಕೆ ಮುಗಿಯುತ್ತೆ.”

“ಮೂಲ ಕೇಳವ್ರೆ ತಾನೆ?” ಅಂದೆ. “ನಾನೇ ಬತ್ತೀನಿ ಬುಡು. ಯಾವತ್ತು ಅಂತ ಏಳು.”

ಪಕ್ಕದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದ ಬೆಳ್ಳಮ್ಮ ಎಲ್ಲ ಕೇಳಿಸಿಕೊಂಡಿದ್ದಳು. “ಬಾಣಂತಿ ಎಣ್ಣಿನ ಓದು ಕೆಡುಸ್ದಲ್ಲ ಮಾರಾಯ. ಅಳ್ಸು ಅಂತ ಯಾರ್ ಏಳಿದ್ರು ನಿಂಗೆ?”

“ಯಾರೂ ಏಳ್ನಿಲ್ಲ.”

“ನೀನು ಮಾಡೋದೆಲ್ಲ ಯಾರೂ ಏಳ್ದೆ ಇರೋದೇ. ಓಗಿ ಸರಿಮಾಡ್ಬುಟ್ಟು ಬಾ. ಇಲ್ದಿದ್ರೆ ಈ ಮನೇಗೆ ಬರ್ಬ್ಯಾಡ.”

ಹನ್ನೆರಡನೆಯ ತಾರೀಖು ಮೊದಲ ಬಸ್ಸಿಗೆ ಮಳವಳ್ಳಿಗೆ ಹೋಗಿ, ಅಲ್ಲಿಂದ ಮಂಡ್ಯಕ್ಕೆ ಹೋದೆ. ಶೋಭಿತಾ ಬಸ್ ಸ್ಟ್ಯಾಂಡಿಗೇ ಬಂದಿದ್ದಳು. ಮಗುವನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ತಿಂಡಿ ತಿನ್ನುವಾಗಲೂ ಅವಳು ಇಡ್ಲಿ ಮುರಿದು ತಟ್ಟೆಯಲ್ಲೇ ಬಿಟ್ಟಳು.

ಕಾಲೇಜಿನ ಮಹಡಿಯ ಕೋಣೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಶೋಭಿತಾಳ ಗೈಡು, ರಾಜೇಂದ್ರ ಮೇಷ್ಟ್ರು. ಇನ್ನೊಬ್ಬರು ಮೈಸೂರಿಂದ ಬಂದಿದ್ದ ಭಾಗ್ಯಲಕ್ಷ್ಮಿ ಮೇಡಂ. ಅಧ್ಯಾಯ ಇರಬೇಕೋ ಬೇಡವೋ ಎಂದು ಹೇಳಬೇಕಾದವರು ಅವರೇ. ವಯಸ್ಸಾದವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನನ್ನನ್ನು ನೋಡಿ, ಎದ್ದು ನಿಂತು ಕೈಮುಗಿದು, ಕುರ್ಚಿ ತೋರಿಸಿದರು.

ರಾಜೇಂದ್ರ ಮೇಷ್ಟ್ರೇ ಮೊದಲು ಮಾತು ತೆಗೆದರು. ಅವರಿಗೆ ಹುಡುಗಿ ಹೇಗಾದರೂ ದಾಟಿಕೊಂಡರೆ ಸಾಕಾಗಿತ್ತು. “ಮೇಡಂ, ಒಂದು ದಾರಿ ಇದೆ. ಹೆಸರು, ತಾರೀಖು ಎಲ್ಲ ತೆಗೆದುಬಿಡೋಣ. ‘ಸ್ಥಳೀಯರು ಹೇಳುವಂತೆ’ ಅಂತ ಹಾಕಿದ್ರೆ ಯಾರೂ ಮೂಲ ಕೇಳಲ್ಲ. ಅಧ್ಯಾಯ ಉಳಿಯುತ್ತೆ.”

ನಾನು ಶೋಭಿತಾಳ ಮುಖ ನೋಡಿದೆ. ಹಿಂದೆಯೂ ನಮ್ಮ ಕೆರೆಗೆ ಇಬ್ಬರು ಓದಿದವರು ಬಂದು ಹೋಗಿದ್ದರು. ನಮ್ಮಪ್ಪನಿಂದ ಮೂರು ದಿನ ಕೇಳಿ ಬರೆದುಕೊಂಡು ಹೋದವನ ಪುಸ್ತಕವನ್ನು ಇದೇ ಹುಡುಗಿ ನನಗೆ ಓದಿ ಹೇಳಿದ್ದಳು. ಅದರಲ್ಲಿ ನಮ್ಮಪ್ಪ ‘ಊರಿನ ಒಬ್ಬ ಆಳು’ ಆಗಿದ್ದ.

“ಬೇಡ ಸರ್” ಅಂದಳು ಶೋಭಿತಾ. “ಸ್ಥಳೀಯರು ಹೇಳಿಲ್ಲ. ಕೆಂಪಸಿದ್ದಯ್ಯನವರು ಹೇಳಿದ್ದು. ಹೆಸರು ತೆಗೆಯೋದಾದ್ರೆ ಅಧ್ಯಾಯವನ್ನೂ ತೆಗೆದುಬಿಡಿ.”

ಮೇಷ್ಟ್ರು ಹಣೆ ಉಜ್ಜಿಕೊಂಡರು. ಮೇಡಂ ಶೋಭಿತಾಳ ಫೋನನ್ನೂ ನೋಟ್‌ಬುಕ್ಕನ್ನೂ ತಮ್ಮ ಮುಂದೆ ಎಳೆದುಕೊಂಡರು.

“ಯಜಮಾನ್ರೆ, ಅಳಿಸಿದ ಮೇಲೂ ಇದರಲ್ಲಿ ನೀವು ಕಳಿಸಿದ ತಾರೀಖು, ಗಂಟೆ ಉಳ್ಕೊಂಡಿದೆ. ಮಾತು ಮಾತ್ರ ಹೋಗಿದೆ. ನಾನು ಒಂದೊಂದು ತಾರೀಖು ಕೇಳ್ತೀನಿ. ಆವತ್ತು ಏನು ಕಳಿಸಿದ್ರಿ ಅಂತ ಹೇಳ್ತೀರಾ?”

“ಕೇಳಿ ತಾಯಿ.”

“ಸೆಪ್ಟೆಂಬರ್ ಇಪ್ಪತ್ತು.”

“ಉತ್ತರೆ ಮಳೆ. ಆವತ್ತು ಬೆಳಗ್ಗೆಲೇ ಕಳ್ಸಿದ್ದು. ನೀರು ಬುಡೋಕ್ ಮುಂಚೆ ಕಾಲುವೇಲಿ ಊಳು ತೆಗೆಯೋದು ಯಾರ್ಯಾರ ಪಾಲು ಅನ್ನೋದ. ಮನೆಗೊಂದಾಳು. ಆಳು ಕಳುಸ್ದಿರೋನ ಗದ್ದೆ ಕಡೇಗೆ.”

ಮೇಡಂ ನೋಟ್‌ಬುಕ್ಕಿನ ಹಾಳೆ ತಿರುವಿ ಬೆರಳಿಟ್ಟು ಓದಿದರು. ತಲೆಯಾಡಿಸಲಿಲ್ಲ. “ಅಕ್ಟೋಬರ್ ಹದಿನಾಲ್ಕು.”

“ಚಿತ್ತೆ ಮಳೆ. ಎರಡು ಕಳ್ಸಿದೆ. ಬೆಳಗ್ಗೆ ಒಂದು, ಕೋಡಿ ಬಿದ್ದಾಗ ಊರ್ಗೆ ಎಂಗೆ ಸುದ್ದಿ ಮುಟ್ಟುಸ್ತಿದ್ವಿ ಅನ್ನೋದ. ಮಜ್ಜಾನದ ಮೇಲೆ ಒಂದು. ಅದು ಅರ್ಧಕ್ಕೇ ನಿಂತೋಯ್ತು. ನಮ್ಮೂರ ಜವರಯ್ಯನ ಎಮ್ಮೆ ಕರ ಆಕ್ತಾ ಇತ್ತು, ಕೂಗುದ್ರು, ಎದ್ದೋದೆ.”

ಮೇಡಂ ಫೋನು ಎತ್ತಿ ನೋಡಿದರು. ಏಳು ಗಂಟೆ ಹತ್ತು ನಿಮಿಷಕ್ಕೊಂದು, ಎರಡು ಮುಕ್ಕಾಲಿಗೊಂದು. ನೋಟ್‌ಬುಕ್ಕಿನಲ್ಲಿ ಎರಡನೆಯದರ ಕೆಳಗೆ ಶೋಭಿತಾ ‘ಅಪೂರ್ಣ, ಎಮ್ಮೆ’ ಎಂದು ಬರೆದಿದ್ದಳು. ಮೇಷ್ಟ್ರು ಬಗ್ಗಿ ಅದನ್ನು ಓದಿ ನಕ್ಕರು. ಮೇಡಂ ನಗಲಿಲ್ಲ.

ಹೀಗೆ ಹತ್ತೊಂಬತ್ತು ತಾರೀಖು ಕೇಳಿದರು. ಹಿಂದುಮುಂದಾಗಿ ಕೇಳಿದರು. ಕಳಿಸದೇ ಇದ್ದ ತಾರೀಖೂ ಒಂದನ್ನು ನಡುವೆ ಇಟ್ಟು ಕೇಳಿದರು. “ಆವತ್ತು ಏನೂ ಕಳುಸ್ನಿಲ್ಲ ತಾಯಿ. ಮಳವಳ್ಳೀಲಿ ಮದುವೆ ಇತ್ತು” ಅಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಮ್ಮ ನೆನಪು ದೊಡ್ಡದು. ಅದನ್ನ ಒಪ್ಪಿದೆ. ಆದರೆ ತಪ್ಪು ತಿಳೀಬೇಡಿ. ಈ ನೋಟ್‌ಬುಕ್ಕನ್ನ ನಿಮಗೆ ನಾಲ್ಕು ಸಲ ಓದಿ ಹೇಳಿದ್ದರೂ ನೀವು ಹೀಗೇ ಒಪ್ಪಿಸ್ತಿದ್ರಿ. ಇದು ಕಳಿಸಿದ ಮಾತೋ, ಬಾಯಿಪಾಠವೋ, ನನಗೆ ಹೇಗೆ ಗೊತ್ತಾಗಬೇಕು?”

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಗದ್ದೆಯವನು ‘ಆಯ್ತು’ ಅಂದು, ಕಲ್ಲು ಕೆರೆಗೆ ಬಿದ್ದ ಮೇಲೂ ನಾನು ಗದ್ದೆಗೆ ಇಳಿದು ಒಂದು ಸಲ ನೋಡಿಯೇ ಬರುತ್ತಿದ್ದವನು.

“ಇನ್ನೊಂದು ಕೇಳ್ತೀನಿ” ಅಂದರು. “ನವೆಂಬರ್ ಎರಡು. ನಿಮ್ಮ ಅಧ್ಯಾಯದ ಬೆನ್ನುಮೂಳೆ ಇದೇ.”

“ಸ್ವಾತಿ ಮಳೆ. ತೂಬಿನ ಕಂಬದ ಮೇಲಿನ ಗೀಟಿನ ವಿಷಯ” ಅಂದೆ. “ಆರು ಗೀಟು ಕೊರ್ದವ್ರೆ. ನೀರು ನಾಕ್ನೇ ಗೀಟಿಂದ ಕೆಳಕ್ಕೆ ಓದ್ರೆ ಅದು ಕೊರತೆ ವರ್ಸ. ಆವಾಗ ಕೆರೆ ಪಕ್ಕದ ಗದ್ದೆಗಲ್ಲ, ಕೊನೇ ಬಯಲಿನ ಗದ್ದೆಗೆ ಮೊದಲು ನೀರು. ಪಕ್ಕದೋನ್ಗೆ ಮೊದಲು ಕೊಟ್ರೆ ಕೊನೆಯೋನ್ಗೆ ಮುಟ್ಟೋದೇ ಇಲ್ಲ. ಕೊನೆಯೋನ್ಗೆ ಕೊಟ್ರೆ ದಾರೀಲಿ ಇರೋರೆಲ್ಲ ಕಾಲುವೆ ಕಾಯ್ತಾರೆ, ತಮ್ ಸರದಿನೂ ಬರ್ಲಿ ಅಂತ. ಆರನೇ ಗೀಟಿಗೆ ನೀರು ಬಂದ್ರೆ ತೂಬು ಇಳುಸ್ಬುಡ್ಬೇಕು. ಅಲ್ಲಿಂದ ಕೆಳ್ಗಿರೋದು ದನಕರೀಂದು. ಗದ್ದೇಗೆ ಒಂದು ತೊಟ್ಟೂ ಇಲ್ಲ.”

“ಎಷ್ಟು ಗೀಟು?”

“ಆರು.”

“ನೋಟ್‌ಬುಕ್ಕಿನಲ್ಲಿ ಐದು ಅಂತಿದೆ.”

ಶೋಭಿತಾ ತಲೆ ತಗ್ಗಿಸಿದಳು. ಮೇಷ್ಟ್ರು ಮೆಲ್ಲಗೆ, “ಐದೇ ಇರಬೇಕು ಯಜಮಾನ್ರೆ, ಸ್ವಲ್ಪ ನೆನಪು ಮಾಡ್ಕೊಳ್ಳಿ” ಅಂದರು. ಐದು ಅಂದುಬಿಡು ಎಂದು ಕಣ್ಣಿನಲ್ಲೇ ಕೇಳಿಕೊಳ್ಳುತ್ತಿದ್ದರು.

ಐದು ಅಂದಿದ್ದರೆ ಎಲ್ಲ ಹೊಂದಿಕೊಳ್ಳುತ್ತಿತ್ತು. ಆದರೆ ಐದು ಅಂದರೆ ದನಕರುಗಳ ನೀರು ಎಲ್ಲಿಗೆ ಹೋಗಬೇಕು.

“ಆರು ತಾಯಿ. ಆವತ್ತು ಕಳ್ಸಿದ್ದೂ ಆರೇ. ನಂಬ್ಕೆ ಇಲ್ದಿದ್ರೆ ನೋಡೇ ಬುಡಿ. ನಮ್ಮೂರ ಜವರಯ್ಯನ್ ಫೋನಲ್ಲಿ ಮುಖ ಕಾಣ್ತದೆ.”

ಮೇಡಂ ಸ್ವಲ್ಪ ಯೋಚಿಸಿ, “ಮಾಡಿ” ಅಂದರು. ಶೋಭಿತಾ ಜವರಯ್ಯನಿಗೆ ವಿಡಿಯೊ ಕರೆ ಮಾಡಿದಳು. ಜವರಯ್ಯ ಏರಿಯ ಮೇಲೇ ದನ ಮೇಯಿಸುತ್ತಿದ್ದ. ಬೆಳ್ಳಮ್ಮನನ್ನು ಕರೆದ. ಇಬ್ಬರೂ ತೂಬಿನ ಹತ್ತಿರ ಬರುವಷ್ಟು ಹೊತ್ತು ನಮಗೆ ಬರೀ ಆಕಾಶ ಮತ್ತು ಜವರಯ್ಯನ ಗಲ್ಲ ಕಾಣುತ್ತಿದ್ದವು.

“ಬೆಳ್ಳಕ್ಕ, ಇಳೀತೀಯಾ? ನಾನು ಫೋನ್ ಇಡ್ಕತೀನಿ.”

“ಇಳೀದೆ ಇನ್ನೇನು ಮಾಡ್ಲಿ? ನೀನು ಇಳುದ್ರೆ ಎತ್ತೋಕೆ ಇನ್ನಿಬ್ರು ಬೇಕು. ನೆಟ್ಟಗೆ ಇಡ್ಕ, ಮಂಡ್ಯದೋರು ನೋಡ್ತಾವ್ರೆ.”

ಬೇಸಿಗೆ ನೀರು, ಅವಳ ಮೊಳಕಾಲಿಗೆ ಬಂತು. ಸೀರೆ ಎತ್ತಿಕಟ್ಟಿ ಕಂಬದ ಹತ್ತಿರ ಹೋಗಿ, ಮೇಲಿಂದ ಒಂದೊಂದಾಗಿ ಬೆರಳಿಟ್ಟು ಎಣಿಸಿದಳು. “ಒಂದು. ಎಲ್ಡು. ಮೂರು. ನಾಕು. ಐದು.” ಐದನೆಯ ಗೀಟು ನೀರಿಗೆ ಒಂದು ಗೇಣು ಮೇಲಿತ್ತು. ಅದರ ಕೆಳಗೆ ಕಂಬ ನೀರೊಳಗೆ ಇಳಿದಿತ್ತು. “ಐದೇ ಕಾಣ್ತಾವೆ ಕಣಪ್ಪೊ.”

ಮೇಷ್ಟ್ರು ಕುರ್ಚಿಗೆ ಒರಗಿದರು. ಶೋಭಿತಾ ನನ್ನನ್ನು ನೋಡಲಿಲ್ಲ.

“ನೀರೊಳಕ್ಕೆ ಕೈ ಬುಡು” ಅಂದೆ.

“ಪಾಚಿ ಕಟ್ಕಂಡದೆ ಇಲ್ಲಿ.”

“ಕೆರಿ ಅದ್ನ.”

ಅವಳು ಬಗ್ಗಿದಳು. ತೋಳು ಮೊಳಕೈವರೆಗೆ ನೀರೊಳಗೆ ಹೋಯಿತು. ಹಸಿರು ಪಾಚಿಯ ಉಂಡೆಗಳು ಎದ್ದು ಬಂದು ತೇಲಿದವು. ಎಷ್ಟು ಹೊತ್ತು ಕೆರೆದಳೋ. ಜವರಯ್ಯ ಉಸಿರಾಡುವುದು ನಮಗೆ ಮಂಡ್ಯದಲ್ಲಿ ಕೇಳಿಸುತ್ತಿತ್ತು.

“ಅದೆ” ಅಂದಳು ಬೆಳ್ಳಮ್ಮ. “ಇನ್ನೊಂದು ಗೀಟು ಅದೆ. ಮಿಕ್ಕವಕ್ಕಿಂತ ಅಗ್ಲ ಅದೆ. ನನ್ ಎಬ್ಬೆಟ್ಟು ಪೂರಾ ಒಳೀಕೆ ಓಯ್ತು.” ಇನ್ನೂ ಕೆಳಗೆ ತಡಕಿ ನೋಡಿ, “ಅದ್ರಿಂದ ಕೆಳಕ್ಕೆ ಇನ್ನೇನೂ ಇಲ್ಲ. ಬರೀ ಕಲ್ಲು” ಎಂದು ಸೇರಿಸಿದಳು.

ಮೇಡಂ ಕನ್ನಡಕ ಹಾಕಿಕೊಂಡು ಶೋಭಿತಾಳ ಕಡೆ ತಿರುಗಿದರು. “ಇವರು ಆರು ಅಂತ ಕಳಿಸಿದ್ದನ್ನ ನೀನು ಐದು ಅಂತ ಬರೆದೆಯಾ?”

ಶೋಭಿತಾಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ಗಟ್ಟಿಯಾಗಿಯೇ ಇತ್ತು. “ಹೌದು ಮೇಡಂ. ನಾನು ಹೋದಾಗ ಐದೇ ಕಂಡಿತ್ತು. ತಾತ ಆರು ಅಂದಾಗ, ವಯಸ್ಸಾಯ್ತು, ಮರೆತಿದ್ದಾರೆ ಅಂದ್ಕೊಂಡೆ. ಸರಿಮಾಡ್ತಿದೀನಿ ಅಂತ ತಿದ್ದಿದೆ.”

“ಇವತ್ತು ನಿನ್ನನ್ನ ಉಳಿಸಿದ್ದು ನಿನ್ನ ಆ ತಪ್ಪೇ” ಅಂದರು ಮೇಡಂ. “ನೋಟ್‌ಬುಕ್ಕಿನಲ್ಲಿ ಐದು. ಕಣ್ಣಿಗೆ ಕಾಣೋದೂ ಐದು. ಬಾಯಿಪಾಠ ಮಾಡಿದವರು ಐದು ಅಂತಿದ್ರು. ಇವರು ನಿನ್ನ ಬರಹ ಒಪ್ಪಿಸ್ತಿಲ್ಲ, ಕಳಿಸಿದ ಮಾತನ್ನೇ ಹೇಳ್ತಿದಾರೆ. ರಾಜೇಂದ್ರ ಅವರೆ, ಮೂರನೇ ಅಧ್ಯಾಯ ಇರಲಿ. ಇವರ ಹೆಸರಿನಲ್ಲೇ ಇರಲಿ. ಒಂದೂ ತೆಗೀಬೇಡಿ.” ಆಮೇಲೆ ಶೋಭಿತಾಳಿಗೆ ಹೇಳಿದರು, “ಕಳಿಸಿದವರು ಏನು ಅಂದರೋ ಅದನ್ನೇ ಬರಿ. ನಿನಗೆ ಬೇರೆ ಕಂಡಿದ್ರೆ ಕೆಳಗೆ ಟಿಪ್ಪಣಿ ಹಾಕು. ಇನ್ನೊಬ್ಬರ ಮಾತಿನ ಒಳಗೆ ಕೈ ಹಾಕಬೇಡ.”

ಶೋಭಿತಾ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. “ಬುಡವ್ವ” ಅಂದೆ. “ನಾನು ನಲವತ್ಮೂರು ಅಳುಸ್ದೆ, ನೀನು ಒಂದು ತಿದ್ದುದೆ. ನಂದೇ ಜಾಸ್ತಿ.” ಆವಾಗ ಮೇಡಂ ಮೊದಲ ಸಲ ನಕ್ಕರು.

ಚಹಾ ತರಿಸಿದರು. ಕುಡಿಯುತ್ತಾ ಮೇಷ್ಟ್ರು ನನಗೆ ಶೋಭಿತಾಳ ಬರಹದ ಕಟ್ಟಿನ ಕೊನೆಯ ಹಾಳೆಗಳನ್ನು ತೋರಿಸಿದರು. ಯಾರ್ಯಾರಿಂದ ಏನೇನು ತಿಳಿದುಕೊಂಡಿದ್ದು ಎಂಬ ಪಟ್ಟಿ ಅಲ್ಲಿ ಸಾಲಾಗಿ ಇತ್ತು.

“ಇದ್ರಲ್ಲಿ ನಾನು ಎಲ್ಲಿವ್ನಿ?” ಎಂದು ಕೇಳಿದೆ.

“ನೀವು ಒಳಗೆ, ಅಧ್ಯಾಯದಲ್ಲಿ ಇರ್ತೀರಿ. ಈ ಪಟ್ಟಿಗೆ ವೈಯಕ್ತಿಕ ಸಂದೇಶ ಬರೋದಿಲ್ಲ. ನಿಯಮ ಹಾಗಿದೆ. ಪುಸ್ತಕ ಆದ್ರೆ ಲೈಬ್ರರಿಗೆ ಹೋಗಿ ಹುಡುಕಬಹುದು. ಫೋನಿನ ಮಾತನ್ನ ಓದುವವರು ಎಲ್ಲಿ ಹುಡುಕ್ತಾರೆ?”

“ಯಾಕೆ? ನಾನು ಸಿಕ್ತೀನಲ್ಲ. ಬೆಳಕವಾಡೀಲಿ ಇಳ್ದು ನೀರುಗಂಟಿ ಮನೆ ಅಂದ್ರೆ ಯಾರ್ ಬೇಕಾದ್ರೂ ತೋರುಸ್ತಾರೆ.”

ಮೇಡಂ ಲೋಟ ಕೆಳಗಿಟ್ಟರು. “ಹುಡುಕಿದವರಿಗೆ ಸಿಗಬೇಕು, ಅಷ್ಟೇ ತಾನೆ ನಿಯಮ? ಯಜಮಾನ್ರೆ, ಆ ನಲವತ್ತಮೂರನ್ನೂ ಇನ್ನೊಂದು ಸಲ ಹೇಳ್ತೀರಾ? ಇಲ್ಲಿನ ಲೈಬ್ರರಿಯಲ್ಲಿ ರೆಕಾರ್ಡ್ ಮಾಡಿಸಿ, ನಂಬರ್ ಹಾಕಿಸಿ ಇಡಿಸೋಣ. ಯಾರು ಬಂದು ಕೇಳಿದ್ರೂ ಕಿವಿಗೆ ಸಿಗುತ್ತೆ. ಆಮೇಲೆ ಪಟ್ಟಿಗೆ ಸೇರಿಸೋಕೆ ಯಾರ ಅಡ್ಡಿಯೂ ಇಲ್ಲ.”

ಎರಡು ದಿನ ಮದ್ದೂರಿನಲ್ಲಿ ಶೋಭಿತಾಳ ತಾಯಿಯ ಮನೆಯಲ್ಲೇ ಇದ್ದು, ಮಂಡ್ಯಕ್ಕೆ ಹೋಗಿಬಂದು ಮಾಡಿ, ನಲವತ್ತಮೂರನ್ನೂ ಹೇಳಿ ಮುಗಿಸಿದೆ. ಅರ್ಧಕ್ಕೆ ನಿಂತಿದ್ದನ್ನು ಈ ಸಲ ಪೂರ್ತಿ ಹೇಳಿದೆ. ಲೈಬ್ರರಿಯವರು ಒಂದು ಚೀಟಿಯಲ್ಲಿ ನಂಬರು ಬರೆದು ನನ್ನ ಕೈಗೂ ಕೊಟ್ಟರು. ಇದನ್ನು ಅಳಿಸಲು ನಿಮ್ಮಿಂದಲೂ ಆಗುವುದಿಲ್ಲ ಎಂದು ನಗಾಡಿದರು.

ಕಾರ್ತಿಕದಲ್ಲಿ ಶೋಭಿತಾಳ ಬರಹ ರಟ್ಟು ಹಾಕಿಸಿಕೊಂಡು ಬಂತು. ಮಗುವನ್ನು ಎತ್ತಿಕೊಂಡು ಗಂಡನ ಜೊತೆ ಅವಳೇ ತಂದಳು. ಅದಾಗಲೇ ಒಪ್ಪಿಗೆಯೂ ಆಗಿತ್ತು, ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆದುಕೊಳ್ಳಬಹುದಾಗಿತ್ತು. ಜಗಲಿಯ ಮೇಲೆ ಕೂತು ಕೊನೆಯ ಪಟ್ಟಿ ತೆಗೆದು, ಬೆರಳಿಟ್ಟು ತೋರಿಸಿದಳು. ಕ ಅಕ್ಷರದ ಸಾಲಿನಲ್ಲಿ, ಮೇಲೆ ಒಬ್ಬರು ಪ್ರೊಫೆಸರು, ಕೆಳಗೆ ಒಬ್ಬರು ಇಂಜಿನಿಯರು, ನಡುವೆ ನಾನು. ಕೆಂಪಸಿದ್ದಯ್ಯ, ನೀರುಗಂಟಿ. ಅಕ್ಷರ ಕೂಡಿಸಿ ನಾನೇ ಓದಿದೆ. ಎರಡು ಸಲ ಓದಿದೆ.

ಬೆಳ್ಳಮ್ಮ ಒಳಗಿಂದ ಕೈ ಒರೆಸಿಕೊಂಡು ಬಂದಳು. “ನೀರ್ಗೆ ಇಳ್ದೋಳು ನಾನು. ಪಾಚಿ ಕೆರ್ದೋಳು ನಾನು. ಎಸ್ರು ಇವನ್ದಾ?”

ಶೋಭಿತಾ ನಗುತ್ತಾ ಮೂರನೆಯ ಅಧ್ಯಾಯ ತೆಗೆದಳು. ಗೀಟುಗಳ ವಿಷಯ ಬರುವ ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು. ಓದಿ ಹೇಳಿದಳು. ‘ಐದು ಗೀಟು ಮಾತ್ರ ನೀರಿನ ಮೇಲೆ ಕಾಣುತ್ತವೆ. ಆರನೆಯದನ್ನು ಕೈಯಿಂದ ಮುಟ್ಟಿ ತಿಳಿಸಿದವರು ಬೆಳ್ಳಮ್ಮ, ವಿಡಿಯೊ ಕರೆ, ಮೇ ೧೨.’

“ಇನ್ನೊಂದ್ಸಲ ಓದು” ಅಂದಳು ಬೆಳ್ಳಮ್ಮ.

ಶೋಭಿತಾ ಓದಿದಳು.

“ನಿಂದು ಲಾಸ್ಟಲ್ಲಿ ಅದೆ” ಎಂದು ಬೆಳ್ಳಮ್ಮ ನನಗೆ ಹೇಳಿ, ಮಗುವನ್ನು ಎತ್ತಿಕೊಂಡು, “ನಂದು ನಡುಮಧ್ಯದಲ್ಲಿ ಅದೆ ಕಣಮ್ಮ” ಎಂದು ಅದರ ಕಿವಿಯಲ್ಲಿ ಹೇಳಿಕೊಂಡು ಬೀದಿಗೆ ಇಳಿದಳು. ಜವರಯ್ಯನ ಮನೆಯಿಂದ ಶುರುಮಾಡಿ ಊರಿಗೆಲ್ಲ ತಿಳಿಸಿ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.